ಕೇಬಲ್ ತುಂಡಾದ ಮೂರು ದಿನ



ಕಳೆದ ಬೇಸಿಗೆಯಲ್ಲಿ ಕುಡಿಯುವ ನೀರಿನ ಪೈಪಿಗಾಗಿ ನಾವೇ ನೆಲ ಅಗೆಸುವಾಗ ಭಾರತ್‌ನೆಟ್ ಕೇಬಲ್ ತುಂಡಾಯಿತು. ತಾಲ್ಲೂಕು ಕೇಂದ್ರದಿಂದ ಬರುವ ಒಂದೇ ಎಳೆಯನ್ನು ಸ್ಪ್ಲಿಟರ್ ಮೂಲಕ ಹಲವು ಪಂಚಾಯಿತಿಗಳಿಗೆ ಹಂಚಿರುವುದರಿಂದ ನೆರೆಯವರ ಸಂಪರ್ಕವೂ ಕಡಿಯಿತು. ಮೂರು ದಿನ ಇ-ಸ್ವತ್ತು ಸ್ಥಗಿತ. ನಮೂನೆ-9 ಕೋರಿ ಬಂದ ವೃದ್ಧೆಯೊಬ್ಬರು ಮೂರು ಬಾರಿಯೂ ಬರಿಗೈಯಲ್ಲಿ ಹಿಂದಿರುಗಿದರು. ಗುತ್ತಿಗೆದಾರರಿಗೆ ಕೇಬಲ್ ಮಾರ್ಗ ತೋರಿಸದಿದ್ದುದು ನನ್ನದೇ ಲೋಪ. ಅಗೆಯುವ ಮುನ್ನ ಸೂಚನೆ ನೀಡಲೆಂದೇ ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ಬಿಡುಗಡೆ ಮಾಡಿದೆ. ಕಾಮಗಾರಿ ಆದೇಶದಲ್ಲಿಯೇ ಇದನ್ನು ಷರತ್ತಾಗಿ ಸೇರಿಸಲು ತಾವು ಠರಾವು ಮಾಡಬೇಕೆಂದು ಕೋರುತ್ತೇನೆ.

ರೂಟರಿನಲ್ಲಿ ಕಾರ್ಖಾನೆಯ ಪಾಸ್‌ವರ್ಡೇ ಉಳಿದಿದ್ದರೆ ಹೊರಗಿನವರು ಒಳಹೊಕ್ಕು, ಡಿಎನ್‌ಎಸ್ ಬದಲಿಸಿ, ಜನರನ್ನು ನಕಲಿ ಪುಟಗಳಿಗೆ ತಿರುಗಿಸಬಲ್ಲರು. ನಮ್ಮಲ್ಲಿಯಂತೂ ಅದು ಗೋಡೆಯ ಮೇಲೆಯೇ ಬರೆದಿತ್ತು! ಈಗ ಬದಲಿಸಿದ್ದೇವೆ, ಹೊಸದು ಮೊಹರಾದ ಲಕೋಟೆಯಲ್ಲಿ, ಕಚೇರಿಯ ಬೀರುವಿನಲ್ಲಿದೆ.