ಕಿವಿ ಕೇಳದವರ ಕೈಗೂ ಫೋನು
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಶಿಕ್ಷಣದ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಕಾರ್ಯದರ್ಶಿಗಳು ತಿಳಿಸಿದ್ದರು. ಫಲಿತಾಂಶ, ವಿದ್ಯಾರ್ಥಿವೇತನ, ಹೆಣ್ಣುಮಕ್ಕಳ ಕಾಲೇಜು ಪ್ರವೇಶ, ಇವುಗಳ ಕುರಿತು ನನಗಿಂತ ಚೆನ್ನಾಗಿ ಮಾತನಾಡುವವರು ಈ ವೇದಿಕೆಯಲ್ಲೇ ಇದ್ದಾರೆ. ಆದ್ದರಿಂದ ನಾನು ಒಂದು ಸಣ್ಣ ವಿಷಯ ಆರಿಸಿಕೊಂಡಿದ್ದೇನೆ. ಕಿವಿ ಸರಿಯಾಗಿ ಕೇಳದವರು ಫೋನಿನಲ್ಲಿ ಮಾತನಾಡುವುದು ಹೇಗೆ? ಆ ಕಡೆಯವರ ಮಾತನ್ನು ಅಕ್ಷರವಾಗಿ ಪರದೆಯ ಮೇಲೆ ತೋರಿಸುವ ಸಾಧನಗಳು ಬಂದಿವೆಯಲ್ಲ, ಅವುಗಳಲ್ಲಿ ನಮ್ಮ ಆಲ್ದೂರಿನ ಮನೆಗಳಿಗೆ ಒದಗುವುದು ಯಾವುದು? ಕೆಲವು ತಿಂಗಳಿಂದ ಇದನ್ನು ಹುಡುಕುತ್ತಿದ್ದೇನೆ. ಸಿಕ್ಕಿದ್ದನ್ನು ನಿಮ್ಮ ಮುಂದಿಡುತ್ತೇನೆ.

ನಮ್ಮ ಕಡೆ ಕಿವಿ ಮಂದವಾದವರು ಕಡಿಮೆ ಇಲ್ಲ. ವಯಸ್ಸು ಒಂದು ಕಾರಣ. ಇನ್ನೊಂದು ಕಾರಣ ಕೆಲಸ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಪಲ್ಪರಿನ ಪಕ್ಕ ನಿಂತವರು, ಕಳೆ ಹೊಡೆಯುವ ಮೆಷಿನ್ ಹೆಗಲಿಗೆ ಹಾಕಿಕೊಂಡು ಬೆಳಗಿನಿಂದ ಸಂಜೆವರೆಗೆ ತೋಟ ಸುತ್ತಿದವರು, ನೆರಳು ಮರದ ಕೊಂಬೆ ಕತ್ತರಿಸಲು ಪವರ್ ಸಾ ಹಿಡಿದವರು, ಸಾಮಿಲ್ಲಿನಲ್ಲಿ ದುಡಿದವರು, ಎಲ್ಲರೂ ಇಲ್ಲಿದ್ದಾರೆ. ವಾರಕ್ಕೆ 40 ಗಂಟೆ ಕೆಲಸ ಮಾಡುವವರ ಕಿವಿಗೆ 80 ಡೆಸಿಬೆಲ್‌ವರೆಗಿನ ಸದ್ದು ಮಾತ್ರ ಸುರಕ್ಷಿತ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮಲ್ಲಿ ಮೆಷಿನ್ ಕೊಡುವಾಗ ಪೆಟ್ರೋಲ್ ಅಳೆದು ಕೊಡುತ್ತಾರೆ, ಕಿವಿಗೆ ಹಾಕಿಕೊಳ್ಳುವ ಮಫ್ ಕೊಡುವವರು ಅಪರೂಪ. 2011ರ ಜನಗಣತಿಯಲ್ಲಿ ಶ್ರವಣದೋಷವಿದೆ ಎಂದು ದಾಖಲಾದವರು ದೇಶದಲ್ಲಿ 50 ಲಕ್ಷಕ್ಕಿಂತ ಹೆಚ್ಚು, ಕರ್ನಾಟಕದಲ್ಲಿ ಸುಮಾರು 2 ಲಕ್ಷ 35 ಸಾವಿರ. ‘ನನಗೇನಾಗಿದೆ, ಚೆನ್ನಾಗಿಯೇ ಕೇಳುತ್ತದೆ’ ಎನ್ನುವ ನಮ್ಮ ಹಿರಿಯರು ಆ ಲೆಕ್ಕದಲ್ಲಿ ಇರಲಾರರು.

ಎದುರಿಗೆ ಕೂತಾಗ ಇವರಲ್ಲಿ ಅನೇಕರು ಹೇಗೋ ನಿಭಾಯಿಸುತ್ತಾರೆ. ತುಟಿ ನೋಡುತ್ತಾರೆ, ಮುಖ ನೋಡುತ್ತಾರೆ. ಫೋನಿನಲ್ಲಿ ಅದು ಸಾಧ್ಯವಿಲ್ಲ. ಮೇಲಾಗಿ ಹಳೆಯ ಕಾಲದಿಂದಲೂ ದೂರವಾಣಿಯು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಧ್ವನಿಯನ್ನು ಮಾತ್ರ ಸಾಗಿಸುವಂತೆ ರೂಪಿಸಲ್ಪಟ್ಟಿದ್ದು. ‘ಸ’, ‘ಫ’ಗಳಂಥ ಅಕ್ಷರಗಳ ಸದ್ದು ಹೆಚ್ಚಾಗಿ ಅದಕ್ಕಿಂತ ಮೇಲಿರುತ್ತದೆ. ವಯಸ್ಸಾದ ಕಿವಿ ಮೊದಲು ಕಳೆದುಕೊಳ್ಳುವುದೂ ಆ ಮೇಲಿನ ಧ್ವನಿಯನ್ನೇ. ಹೀಗಾಗಿ ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ. ನಾವು ಜೋರಾಗಿ ಕಿರುಚಿದರೆ ಸದ್ದು ಹೆಚ್ಚುತ್ತದೆಯೇ ಹೊರತು ಮಾತು ಬಿಡಿಯಾಗುವುದಿಲ್ಲ. ಆ ಕಡೆಯವರು ನೂರು ಎಂದರೋ ಮೂರು ಎಂದರೋ ಎಂಬುದು ಕಾಫಿ ಮಾರುವವರಿಗೆ ಸಣ್ಣ ಸಂಗತಿಯಲ್ಲ.

ಇಂಥ ಮನೆಯಲ್ಲಿ ಏನಾಗುತ್ತದೆಂದು ನಿಮಗೆ ಗೊತ್ತು. ಫೋನ್ ಬರುತ್ತದೆ. ಹಿರಿಯರು ಎರಡು ಸಲ ‘ಆಂ? ಆಂ?’ ಎನ್ನುತ್ತಾರೆ. ‘ಅಬ್ಬಾ, ಇತ್ತ ಕೊಡಿ, ನಾನು ಮಾತಾಡ್ತೇನೆ’ ಎಂದು ಮಗನೋ ಸೊಸೆಯೋ ಕೈಯಿಂದ ಫೋನ್ ತೆಗೆದುಕೊಳ್ಳುತ್ತಾರೆ. ಹತ್ತು ನಿಮಿಷ ಮಾತಾಡಿ, ಕೊನೆಗೆ ‘ಏನಿಲ್ಲ, ಚೆನ್ನಾಗಿದ್ದಾರಂತೆ’ ಎಂದು ಎರಡೇ ಪದದಲ್ಲಿ ವರದಿ ಒಪ್ಪಿಸುತ್ತಾರೆ. ನನಗೆ ಪರಿಚಯದ ಒಬ್ಬ ಚಾಚಾ ಎಸ್ಟೇಟಿನಲ್ಲಿ ಮೂವತ್ತು ವರ್ಷ ಪಲ್ಪರ್ ನೋಡಿಕೊಂಡವರು. ಮಗ ದಮ್ಮಾಮಿನಲ್ಲಿದ್ದಾನೆ. ಪ್ರತಿ ಶುಕ್ರವಾರ ಅವನ ಫೋನ್ ಬಂದಾಗ ಚಾಚಾ ಎದ್ದು ಅಂಗಳಕ್ಕೆ ಹೋಗುತ್ತಾರೆ. ಮಗನ ಮೇಲೆ ಸಿಟ್ಟೇನಿಲ್ಲ. ತಮ್ಮ ಎದುರಿನಲ್ಲೇ ತಮ್ಮ ಬಗ್ಗೆ ಬೇರೆಯವರು ಮಾತನಾಡುವುದನ್ನು ನೋಡುತ್ತಾ ಕೂರುವುದು ಬೇಡವೆಂದು. ಮನೆಯವರ ಉದ್ದೇಶ ಒಳ್ಳೆಯದೇ, ಆದರೂ ಕಿತ್ತುಕೊಂಡದ್ದು ಕಿತ್ತುಕೊಂಡದ್ದೇ. ಅಂಧರಾದ ಅಬ್ದುಲ್ಲಾ ಇಬ್ನ್ ಉಮ್ಮು ಮಕ್ತೂಮ್(ರ) ಅವರು ಕೇಳಲು ಬಂದಾಗ ಅವರಿಗೆ ಸಿಗಬೇಕಾಗಿದ್ದ ಗಮನದ ಬಗ್ಗೆ ‘ಅಬಸ’ ಸೂರಾ ಅವತೀರ್ಣವಾದ ಸಂದರ್ಭವನ್ನು ನಮ್ಮ ಮದ್ರಸಾ ಮಕ್ಕಳೂ ಬಲ್ಲರು. ಅದನ್ನು ಇಲ್ಲಿ ವಿವರಿಸಬೇಕಾಗಿಲ್ಲ.

ದೂರವಾಣಿಯ ಚರಿತ್ರೆಯಲ್ಲೇ ಒಂದು ವಿಚಿತ್ರವಿದೆ. 1876ರಲ್ಲಿ ಅದಕ್ಕೆ ಪೇಟೆಂಟ್ ಪಡೆದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಕಿವುಡ ಮಕ್ಕಳ ಶಿಕ್ಷಕರಾಗಿದ್ದರು. ಅವರ ತಾಯಿಗೆ ಕಿವಿ ಮಂದ, ಅವರ ಪತ್ನಿ ಮೇಬಲ್ ಐದನೇ ವಯಸ್ಸಿನಲ್ಲಿ ಜ್ವರದಿಂದ ಶ್ರವಣ ಕಳೆದುಕೊಂಡವರು. ಆದರೂ ಆ ಯಂತ್ರ ಸುಮಾರು ತೊಂಬತ್ತು ವರ್ಷ ಕಿವುಡರಿಗೆ ಉಪಯೋಗಕ್ಕೆ ಬರಲಿಲ್ಲ. 1964ರಲ್ಲಿ ರಾಬರ್ಟ್ ವೈಟ್‌ಬ್ರೆಕ್ಟ್ ಎಂಬ ಕಿವುಡ ಭೌತವಿಜ್ಞಾನಿ ಟೆಲಿಪ್ರಿಂಟರನ್ನು ದೂರವಾಣಿಗೆ ಜೋಡಿಸುವ ಉಪಕರಣ ತಯಾರಿಸಿದರು, ಅಲ್ಲಿಂದ ಕಿವುಡರು ಟೈಪ್ ಮಾಡಿ ಮಾತನಾಡತೊಡಗಿದರು. ಅಮೆರಿಕದಲ್ಲಿ 1990ರ ಅಂಗವಿಕಲರ ಕಾನೂನು ಇಂಥ ಸೇವೆಯನ್ನು ದೇಶಾದ್ಯಂತ ಕಡ್ಡಾಯ ಮಾಡಿತು. 2003ರಲ್ಲಿ ಅಲ್ಲಿನ ದೂರಸಂಪರ್ಕ ಆಯೋಗ ಅಕ್ಷರ ತೋರಿಸುವ ದೂರವಾಣಿಯನ್ನೂ ಅದರೊಳಗೆ ಸೇರಿಸಿತು. ಅದರ ವಿಧಾನ ಕೇಳಿ: ಕರೆ ನಡೆಯುವಾಗ ನಡುವೆ ಒಬ್ಬ ಸಹಾಯಕಿ ಕೂತು ಆ ಕಡೆಯವರ ಮಾತನ್ನು ತನ್ನ ಬಾಯಲ್ಲಿ ಮತ್ತೆ ಹೇಳುತ್ತಿದ್ದಳು. ಅವಳ ಧ್ವನಿಗೆ ಒಗ್ಗಿದ ಕಂಪ್ಯೂಟರ್ ಅದನ್ನು ಬರೆಯುತ್ತಿತ್ತು. ಬಳಸುವವರು ಅದಕ್ಕೆ ಪ್ರತ್ಯೇಕ ಹಣ ಕೊಡಬೇಕಾಗಿರಲಿಲ್ಲ, ಫೋನ್ ಕಂಪನಿಗಳಿಂದ ಸಂಗ್ರಹಿಸಿದ ನಿಧಿಯಿಂದ ಖರ್ಚು ಹೋಗುತ್ತಿತ್ತು. ನಮ್ಮ ರೀಚಾರ್ಜಿನಲ್ಲಿ ಅಂಥ ನಿಧಿಗೆ ಹೋಗುವ ಪೈಸೆಯಿಲ್ಲ.

ಈಗ ನಡುವಿನ ಮನುಷ್ಯರಿಲ್ಲದೆ ಫೋನೇ ಬರೆಯುತ್ತದೆ. ಗೂಗಲ್‌ನ ‘ಲೈವ್ ಕ್ಯಾಪ್ಶನ್’ 2019ರಲ್ಲಿ ಬಂತು, ಮುಂದೆ ಪಿಕ್ಸೆಲ್ ಫೋನುಗಳಲ್ಲಿ ಕರೆಗಳಿಗೂ ವಿಸ್ತರಿಸಿತು. ಐಫೋನಿನಲ್ಲಿ 2022ರಲ್ಲಿ ಬಂತು. ಎರಡೂ ಆರಂಭವಾದದ್ದು ಇಂಗ್ಲಿಷಿನಲ್ಲಿ. 2024ರ ಜನವರಿಯಲ್ಲಿ ಬಂದ ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಎಸ್24 ಕರೆಯ ನಡುವೆಯೇ ಅನುವಾದ ಮಾಡಿ ಪರದೆಯಲ್ಲಿ ತೋರಿಸಿತು. ಆರಂಭದ 13 ಭಾಷೆಗಳಲ್ಲಿ ಹಿಂದಿ ಇತ್ತು, ಕನ್ನಡವೂ ಇರಲಿಲ್ಲ, ಉರ್ದುವೂ ಇರಲಿಲ್ಲ. ಇವೆಲ್ಲ ದುಬಾರಿ ಫೋನುಗಳ ಮಾತು. ಚಾಚಾನ ಮನೆಗೆ ಇದರಿಂದ ಪ್ರಯೋಜನ ಕಾಣದೆ ನಾನು ಬೇರೆ ದಾರಿ ಹುಡುಕಿದೆ.

ಆ ದಾರಿ ಉಚಿತವಾಗಿಯೇ ಇದೆ. 2017ರ ಆಗಸ್ಟಿನಲ್ಲಿ ಗೂಗಲ್ ಕನ್ನಡ, ಉರ್ದು ಸೇರಿ ಭಾರತದ ಎಂಟು ಭಾಷೆಗಳಿಗೆ ಮಾತಿನಿಂದ ಬರೆಯುವ ಸೌಲಭ್ಯ ಸೇರಿಸಿತು. 2019ರ ಫೆಬ್ರವರಿಯಲ್ಲಿ ‘ಲೈವ್ ಟ್ರಾನ್ಸ್‌ಕ್ರೈಬ್’ ಎಂಬ ಆ್ಯಪ್ ಬಂತು. ಅದನ್ನು ರೂಪಿಸಿದವರಲ್ಲಿ ಒಬ್ಬರಾದ ದಿಮಿತ್ರಿ ಕನೆವ್‌ಸ್ಕಿ ಬಾಲ್ಯದಲ್ಲೇ ಶ್ರವಣ ಕಳೆದುಕೊಂಡ ವಿಜ್ಞಾನಿ. ಎದುರಿನವರ ಮಾತನ್ನು ಅದು ದೊಡ್ಡ ಅಕ್ಷರಗಳಲ್ಲಿ ಬರೆದು ತೋರಿಸುತ್ತದೆ. ಕನ್ನಡದಲ್ಲೂ ಬರೆಯುತ್ತದೆ.

ಆದರೆ ಒಂದು ತೊಡಕಿದೆ, ಹುಡುಕುವವರು ಸೋಲುವುದು ಇಲ್ಲೇ. ಫೋನ್ ಕರೆ ನಡೆಯುವಾಗ ಅದೇ ಫೋನಿನಲ್ಲಿ ಈ ಆ್ಯಪ್ ತೆರೆದರೆ ಸಾಮಾನ್ಯವಾಗಿ ಏನೂ ಬರೆಯುವುದಿಲ್ಲ. ಕರೆಯ ಸಮಯದಲ್ಲಿ ಮೈಕನ್ನು ಕರೆಯೇ ಹಿಡಿದುಕೊಂಡಿರುತ್ತದೆ, ಬೇರೆ ಆ್ಯಪ್‌ಗೆ ಮೌನವೇ ಸಿಗುತ್ತದೆ. ಯಾರೂ ನಮ್ಮ ಮಾತು ಕದಿಯಬಾರದೆಂದು ಮಾಡಿದ ಬಂದೋಬಸ್ತು ಇದು. ಒಳ್ಳೆಯದೇ, ಆದರೆ ಕಿವುಡರೂ ಅದರಲ್ಲಿ ಹೊರಗುಳಿದರು. ಇದಕ್ಕೆ ಉಪಾಯ ಎರಡು ಫೋನು. ಕರೆ ಬಂದ ಫೋನನ್ನು ಲೌಡ್‌ಸ್ಪೀಕರಿಗೆ ಹಾಕಿ ಮೇಜಿನ ಮೇಲಿಡಿ. ಲೈವ್ ಟ್ರಾನ್ಸ್‌ಕ್ರೈಬ್ ತೆರೆದ ಇನ್ನೊಂದು ಫೋನನ್ನು ಅದರ ಪಕ್ಕದಲ್ಲಿ, ಮೈಕು ಸ್ಪೀಕರಿನ ಕಡೆಗೆ ಬರುವಂತೆ ಇಡಿ. ಹಿರಿಯರು ಎರಡನೆಯದನ್ನು ಓದುತ್ತಾ ಮೊದಲನೆಯದಕ್ಕೆ ಉತ್ತರ ಹೇಳುತ್ತಾರೆ. ನಮ್ಮ ಮನೆಗಳಲ್ಲಿ ಎರಡು ಫೋನಿಗೆ ಈಗ ಬರವಿಲ್ಲ, ಪರದೆ ಒಡೆದ ಹಳೆಯದೂ ಆದೀತು. ಇಂಟರ್‌ನೆಟ್ ಮಾತ್ರ ಚೆನ್ನಾಗಿರಬೇಕು. ಮಳೆಗಾಲದಲ್ಲಿ ಕರೆಂಟೂ ಟವರೂ ಒಟ್ಟಿಗೆ ಹೋಗುವ ನಮ್ಮೂರಿನಲ್ಲಿ ಇದನ್ನು ಹೇಳಲೇಬೇಕು.

2020ರಲ್ಲಿ ಆ ಆ್ಯಪ್‌ಗೆ ನಮಗೆ ಬೇಕಾದ ಪದಗಳನ್ನು ಸೇರಿಸುವ ಅನುಕೂಲ ಬಂತು. ಮೊಮ್ಮಕ್ಕಳ ಹೆಸರು, ಊರಿನ ಹೆಸರು, ಡಾಕ್ಟರ ಹೆಸರು ಇವುಗಳನ್ನು ಮೊದಲೇ ಸೇರಿಸಿಡಿ. ಇಲ್ಲವಾದರೆ ಹೆಸರುಗಳನ್ನು ಅದು ತನಗೆ ತೋಚಿದಂತೆ ಬರೆಯುತ್ತದೆ.

ಇನ್ನು ಭಾಷೆಯ ಮಾತು. ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವವನಾದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಮ್ಮಲ್ಲಿ ಮನೆಯಲ್ಲಿ ಆಡುವ ಭಾಷೆ ಒಂದು, ಓದುವ ಭಾಷೆ ಇನ್ನೊಂದು. ದಖನಿ ಆಡುವ ಮನೆಯಲ್ಲಿ ಆ್ಯಪನ್ನು ಉರ್ದುವಿಗೆ ಹಾಕಿದರೆ ಅದು ಪುಸ್ತಕದ ಉರ್ದುವನ್ನು ನಿರೀಕ್ಷಿಸುತ್ತದೆ. ‘ನಕ್ಕೋ’, ‘ಕೈಕು’ ಎಂದರೆ ಬೇರೇನನ್ನೋ ಬರೆದಿಡುತ್ತದೆ. ಸರಿಯಾಗಿಯೇ ಬರೆಯಿತೆನ್ನಿ, ಉರ್ದು ಲಿಪಿ ಓದಲು ಬರಬೇಕಲ್ಲ! ಕನ್ನಡ ಶಾಲೆಯಲ್ಲಿ ಓದಿದವರಿಗೆ ಆ ಅಕ್ಷರ ಬಾರದು. ಹಿಂದಿಗೆ ಹಾಕಿದರೆ ದೇವನಾಗರಿಯಲ್ಲಿ ಬರುತ್ತದೆ. ಶಾಲೆಯಲ್ಲಿ ಹಿಂದಿ ಕಲಿತ ಕೆಲವರಿಗೆ ಇದೇ ಸಲೀಸು ಎಂಬುದನ್ನು ನಾನು ಕಂಡಿದ್ದೇನೆ, ಉರ್ದು ಮೇಷ್ಟ್ರಾಗಿ ಹೇಳಲು ಸಂಕಟವಾದರೂ ಇದು ನಿಜ. ಬ್ಯಾರಿ ಆಡುವವರ ಪಾಡು ಇನ್ನೂ ಕಷ್ಟ. ಬ್ಯಾರಿಗೆ ಸರ್ಕಾರದ ಸಾಹಿತ್ಯ ಅಕಾಡೆಮಿ ಇದೆ, ಆದರೆ ಆ ಆ್ಯಪಿನ ಪಟ್ಟಿಯಲ್ಲಿ ಬ್ಯಾರಿ ಇಲ್ಲ.

ಹಾಗಾದರೆ ದಾರಿ? ಕರೆ ಮಾಡುವವರು ಭಾಷೆ ಬದಲಿಸಬೇಕು. ತಂದೆಗೆ ಕನ್ನಡ ಓದಲು ಬರುವುದಾದರೆ ದಮ್ಮಾಮಿನ ಮಗ ಆ ಹತ್ತು ನಿಮಿಷ ಕನ್ನಡದಲ್ಲೇ ಮಾತನಾಡಲಿ. ಮೊದಮೊದಲು ಇಬ್ಬರಿಗೂ ಬಿಗುವೆನಿಸುತ್ತದೆ, ಅಪ್ಪನ ಹತ್ತಿರ ಆಫೀಸಿನ ಹಾಗೆ ಮಾತಾಡಿದಂತೆ. ನಾಲ್ಕು ಶುಕ್ರವಾರದಲ್ಲಿ ರೂಢಿಯಾದದ್ದನ್ನು ನೋಡಿದ್ದೇನೆ. ನಿಧಾನವಾಗಿ, ಒಂದು ವಾಕ್ಯ ಮುಗಿಸಿ, ತುಸು ನಿಂತು ಮಾತನಾಡಬೇಕು. ಹಿಂದೆ ಟಿವಿ ಕೂಗುತ್ತಿರಬಾರದು. ಹಣದ ಮೊತ್ತ, ತಾರೀಖು, ಮಾತ್ರೆಯ ಲೆಕ್ಕ ಇವುಗಳನ್ನು ಬಾಯಲ್ಲಿ ಹೇಳಿದ್ದನ್ನೇ ನಂಬದೆ ಮೆಸೇಜಿನಲ್ಲೂ ಕಳಿಸಬೇಕು. ಯಂತ್ರ ತಪ್ಪು ಬರೆಯುತ್ತದೆ, ಎಷ್ಟೋ ಸಲ ಬಹಳ ಧೈರ್ಯದಿಂದ ತಪ್ಪು ಬರೆಯುತ್ತದೆ.

ಓದಲೇ ಬಾರದ ನಾನಿ, ದಾದಿಯರಿಗೆ ಇದು ಪ್ರಯೋಜನವಿಲ್ಲ. ಅವರಿಗೆ ವಿಡಿಯೊ ಕರೆಯೇ ಮೇಲು, ತುಟಿಯಾದರೂ ಕಾಣುತ್ತದೆ. ವಯಸ್ಕರ ಅಕ್ಷರ ಕಲಿಕೆಗೆ ಜನ ಬರುವುದಿಲ್ಲ ಎಂದು ನಮ್ಮ ಸಂಘದಲ್ಲಿ ಹಿಂದೆ ಮಾತು ಬಂದಿತ್ತು. ಮಗನ ಮಾತು ಓದುವುದಕ್ಕೆ ಅಕ್ಷರ ಎಂದು ಹೇಳಿ ನೋಡೋಣ, ಬಂದಾರು.

ಗುಟ್ಟಿನ ಪ್ರಶ್ನೆಯನ್ನೂ ಮರೆಯಬಾರದು. ಲೌಡ್‌ಸ್ಪೀಕರ್ ಎಂದರೆ ಮನೆಯೆಲ್ಲ ಕೇಳಿತು. ಗಂಡನ ಮನೆಯಿಂದ ಮಗಳು ತಾಯಿಯ ಹತ್ತಿರ ತನ್ನ ಕಷ್ಟ ಹೇಳಿಕೊಳ್ಳುವುದು ಜಗಲಿಗೆಲ್ಲ ಕೇಳಬಾರದು. ಎರಡು ಫೋನು ಕೊಟ್ಟು ತಾಯಿಯನ್ನು ಒಳಕೋಣೆಯಲ್ಲಿ ಕೂರಿಸಿ ಬಾಗಿಲು ಹಾಕಿಕೊಂಡು ಬನ್ನಿ. ಬ್ಯಾಂಕಿನ ಹೆಸರು ಹೇಳಿ ಓಟಿಪಿ ಕೇಳುವ ಕರೆ ಬಂದರೆ ಅಕ್ಷರದಲ್ಲಿ ಬಂದ ಮಾತ್ರಕ್ಕೆ ಅದು ನಿಜವಾಗುವುದಿಲ್ಲ ಎಂಬುದನ್ನೂ ಹಿರಿಯರಿಗೆ ತಿಳಿಸಿ.

ಇದು ಶ್ರವಣ ಸಾಧನಕ್ಕೆ ಬದಲಿಯಲ್ಲ. ಮೊದಲು ಪರೀಕ್ಷೆ ಆಗಬೇಕು. 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲೇ ಇದೆ. ದೂರ ಎಂದು ತಳ್ಳಿಹಾಕಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಗಳಲ್ಲಿ 60ರಿಂದ 70 ಡೆಸಿಬೆಲ್ ನಷ್ಟವಿದ್ದರೆ ಮಂದ ಶ್ರವಣ, 70 ಆದರೆ ಕಿವುಡುತನ. ಸರ್ಕಾರಿ ಹುದ್ದೆಗಳಲ್ಲಿ ಅಂಗವಿಕಲರಿಗಿರುವ ಶೇಕಡಾ 4ರಲ್ಲಿ 1 ಇವರಿಗೆ ಮೀಸಲು. ವಿದ್ಯಾರ್ಥಿಗಳು ಇದನ್ನು ಗುರುತು ಹಾಕಿಕೊಳ್ಳಿ. 60ಕ್ಕಿಂತ ಕಡಿಮೆ ನಷ್ಟವಿರುವವರು ಈ ವ್ಯಾಖ್ಯೆಯೊಳಗೆ ಬರುವುದಿಲ್ಲ, ಆದರೆ ಫೋನಿನ ಕಷ್ಟ ಅವರಿಗೂ ಇದೆ. ಆ್ಯಪ್ ಬಳಸಲು ಯಾವ ಪ್ರಮಾಣಪತ್ರವೂ ಬೇಡ. ಅದೇ ಕಾಯ್ದೆಯ 42ನೇ ಕಲಂ ಮಾಹಿತಿ ಮತ್ತು ಸಂಪರ್ಕ ಸಾಧನಗಳು ಎಲ್ಲರಿಗೂ ಎಟಕುವಂತಿರಬೇಕು ಎನ್ನುತ್ತದೆ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂಥ ನಿಯಮಗಳು ಬರೀ ಸಲಹೆಯಾಗಿರದೆ ಕಡ್ಡಾಯವಾಗಿರಬೇಕೆಂದು ಹೇಳಿತು. ಫೋನ್ ಕಂಪನಿಗಳಿಗೆ ಕನ್ನಡದಲ್ಲಿ, ಉರ್ದುವಿನಲ್ಲಿ ಕರೆಯಲ್ಲೇ ಅಕ್ಷರ ಕೊಡಿ ಎಂದು ಕೇಳುವ ಹಕ್ಕು ನಮಗೆ ಇದೆ. ಸಂಘದ ಲೆಟರ್‌ಹೆಡ್ಡಿನಲ್ಲಿ ಒಂದು ಪತ್ರ ಬರೆಯುವುದಕ್ಕೆ ಖರ್ಚೇನಿಲ್ಲ. ಕರಡನ್ನು ನಾನು ಬರೆದುಕೊಡುತ್ತೇನೆ.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳಿ ಮುಗಿಸುತ್ತೇನೆ. ಆ್ಯಪ್ ಹಾಕಿಕೊಟ್ಟು ‘ಆಯ್ತು ದಾದಾ’ ಎಂದು ಎದ್ದು ಬರಬೇಡಿ. ಅಕ್ಷರದ ಗಾತ್ರ ದೊಡ್ಡದು ಮಾಡಿ, ನೀವೇ ಪಕ್ಕದ ಕೋಣೆಯಿಂದ ಫೋನ್ ಮಾಡಿ, ಮೂರು ನಾಲ್ಕು ದಿನ ಅಭ್ಯಾಸ ಮಾಡಿಸಿ. ಕರೆ ಬಂದಾಗ ಅವರು ತಡವರಿಸಿದರೂ ಫೋನಿಗೆ ಕೈ ಹಾಕಬೇಡಿ. ಸಭೆ ಮುಗಿದ ಮೇಲೆ ನಾನು ಹೊರಗಿನ ಮೇಜಿನ ಬಳಿ ಎರಡು ಫೋನು ಇಟ್ಟುಕೊಂಡು ಕೂತಿರುತ್ತೇನೆ, ನೋಡಬೇಕೆನ್ನುವವರು ಬನ್ನಿ. ಮನೆಯಲ್ಲಿರುವ ಹಿರಿಯರಿಗೆ ಯಾವ ಲಿಪಿ ಓದಲು ಬರುತ್ತದೆಂದು ಕೇಳಿಕೊಂಡು ಬಂದರೆ ಒಳ್ಳೆಯದು, ಆ್ಯಪಿನಲ್ಲಿ ಮೊದಲು ಆರಿಸಬೇಕಾದದ್ದು ಅದನ್ನೇ.