ಸಾಸಿವೆ ಕಾಳು ಮತ್ತು ಆಟದ ಮೈದಾನ

ಮಕ್ಕಳೇ, ಪೆನ್ಸಿಲ್ ತೆಗೆದುಕೊಂಡು ಹಾಳೆಯ ಮೇಲೆ ಒಂದು ಸಣ್ಣ ಚುಕ್ಕಿ ಇಡಿ. ಪೆನ್ಸಿಲ್ಲಿನ ಕಪ್ಪು ಕಡ್ಡಿಯನ್ನು ಜೇಡಿಮಣ್ಣು ಮತ್ತು ಗ್ರಾಫೈಟ್ ಸೇರಿಸಿ ಮಾಡಿರುತ್ತಾರೆ. ಗ್ರಾಫೈಟ್ ಅಂದರೆ ಬರೀ ಕಾರ್ಬನ್. ಅದನ್ನು ಒಡೆಯುತ್ತ ಒಡೆಯುತ್ತ ಹೋದರೆ, ಇನ್ನೂ ಕಾರ್ಬನ್ ಆಗಿಯೇ ಉಳಿದ ಕಟ್ಟಕಡೆಯ ಚೂರು ಸಿಗುತ್ತದಲ್ಲ, ಅದೇ ಕಾರ್ಬನ್ ಪರಮಾಣು.

ಅದೆಷ್ಟು ಚಿಕ್ಕದು ಗೊತ್ತೇ? ನಿಮ್ಮ ಸ್ಕೇಲಿನಲ್ಲಿ ಒಂದೇ ಒಂದು ಮಿಲಿಮೀಟರ್ ಹುಡುಕಿ. ಆ ಪುಟ್ಟ ಸಂದಿಯಲ್ಲಿ 60 ಲಕ್ಷಕ್ಕೂ ಹೆಚ್ಚು ಕಾರ್ಬನ್ ಪರಮಾಣುಗಳು ಸಾಲಾಗಿ ನಿಲ್ಲಬಲ್ಲವು! ತೂಕವೂ ಹಾಗೆಯೇ. 12 ಗ್ರಾಂ ಕಾರ್ಬನ್‌ನಲ್ಲಿ ಸುಮಾರು ಎಷ್ಟು ಪರಮಾಣುಗಳಿವೆ ಎಂದು ಬರೆಯಬೇಕಾದರೆ 6 ಬರೆದು ಅದರ ಮುಂದೆ 23 ಸೊನ್ನೆ ಹಾಕಬೇಕು.

ಇಷ್ಟು ಚಿಕ್ಕದರ ಒಳಗೆ ಇನ್ನೇನಿದ್ದೀತು ಅನ್ನಿಸುತ್ತದೆ, ಅಲ್ಲವೇ? 1909ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ವಿಜ್ಞಾನಿ ರುದರ್‌ಫೋರ್ಡ್ ಅವರ ಜೊತೆಗಾರರಾದ ಗೈಗರ್ ಮತ್ತು ಮಾರ್ಸ್‌ಡೆನ್, ಬಲು ತೆಳುವಾದ ಚಿನ್ನದ ಹಾಳೆಯ ಮೇಲೆ ಆಲ್ಫಾ ಎಂಬ ಪುಟ್ಟ ಕಣಗಳನ್ನು ಹಾಯಿಸಿ ನೋಡಿದರು. ಹೆಚ್ಚಿನವು ಏನೂ ಅಡ್ಡ ಇಲ್ಲವೆಂಬಂತೆ ದಾಟಿಹೋದವು. ಎಲ್ಲೋ ಕೆಲವು ಮಾತ್ರ ಹಿಂದಕ್ಕೆ ಪುಟಿದವು. ಅಲ್ಲಿ ಗಟ್ಟಿಯಾದ್ದು ಏನೋ ಇದೆ, ಆದರೆ ತೀರಾ ಚಿಕ್ಕದು! 1911ರಲ್ಲಿ ರುದರ್‌ಫೋರ್ಡ್ ಇದನ್ನು ಜಗತ್ತಿಗೆ ತಿಳಿಸಿದರು. ಪರಮಾಣುವಿನ ನಡುವಿನ ಆ ಗಟ್ಟಿಯನ್ನು ಈಗ ನಾವು ನ್ಯೂಕ್ಲಿಯಸ್ ಅನ್ನುತ್ತೇವೆ.

ಕಾರ್ಬನ್ ಪರಮಾಣು ತನ್ನ ನ್ಯೂಕ್ಲಿಯಸ್‌ಗಿಂತ ಸುಮಾರು 30 ಸಾವಿರ ಪಟ್ಟು ಅಗಲ. ನ್ಯೂಕ್ಲಿಯಸ್ ಒಂದು ಸಾಸಿವೆ ಕಾಳಿನಷ್ಟಿದ್ದರೆ ಪರಮಾಣು 60 ಮೀಟರ್ ಅಗಲದ ಮೈದಾನದಷ್ಟಿರುತ್ತದೆ. ಆ ಮೈದಾನದ ತುಂಬ ಇರುವುದು ಎಲೆಕ್ಟ್ರಾನ್ ಎಂಬ ಬರೀ ಆರು ಕಣಗಳು. ಅವು ಇಂಥ ಕಡೆಯೇ ಇವೆ ಎಂದು ಬೆರಳಿಟ್ಟು ತೋರಿಸಲಾಗದು. ಎಲ್ಲೆಡೆ ಮಂಜಿನ ಹಾಗೆ ಹರಡಿರುತ್ತವೆ.

ನನಗೆ ಯಾವತ್ತೂ ಸೋಜಿಗ ಅನ್ನಿಸುವುದು ತೂಕದ ಲೆಕ್ಕ. ನ್ಯೂಕ್ಲಿಯಸ್‌ನಲ್ಲಿ ಆರು ಪ್ರೋಟಾನ್, ಸಾಮಾನ್ಯವಾಗಿ ಆರು ನ್ಯೂಟ್ರಾನ್ ಎಂಬ ಕಣಗಳು ಒತ್ತಿಕೊಂಡು ಕೂತಿರುತ್ತವೆ. ಇವೆರಡರ ತೂಕ ಹೆಚ್ಚುಕಡಿಮೆ ಒಂದೇ. ಎಲೆಕ್ಟ್ರಾನ್ ಮಾತ್ರ ತೀರಾ ಹಗುರ: ಒಂದು ಪ್ರೋಟಾನಿಗೆ ಸರಿತೂಗಲು ಸುಮಾರು 1,836 ಎಲೆಕ್ಟ್ರಾನ್ ಬೇಕು. ಹಾಗಾಗಿ ಪರಮಾಣುವಿನ ತೂಕವನ್ನು 10,000 ಪಾಲು ಮಾಡಿದರೆ 9,997 ಪಾಲು ಆ ಸಾಸಿವೆ ಕಾಳಿನಲ್ಲೇ ಇರುತ್ತದೆ. ಮಿಕ್ಕ ಮೈದಾನಕ್ಕೆಲ್ಲ ಸೇರಿ ಮೂರೇ ಪಾಲು!

ನಾಳೆ ಶಾಲೆಗೆ ಹೋಗುವಾಗ ಜೇಬಿನಲ್ಲಿ ಒಂದು ಸಾಸಿವೆ ಕಾಳು ಇಟ್ಟುಕೊಳ್ಳಿ. ಮೈದಾನದ ನಡುವೆ ಅದನ್ನಿಟ್ಟು ಯಾವ ದಿಕ್ಕಿಗಾದರೂ 30 ಮೀಟರ್ ನಡೆದು, ತಿರುಗಿ ನೋಡಿ. ಗೆಳೆಯರನ್ನೂ ಕರೆದುಕೊಂಡು ಹೋಗಿ.