ಟಿ.ಎಂ.ಟಿ. ಪರೀಕ್ಷೆಗೆ ಹೋಗುವ ಮುನ್ನ

(ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತು)



ನಾವು ಡಾಕ್ಟರಲ್ಲ. ಆದರೆ ಬೆಲ್ಟಿನ ಮೇಲೆ ನಡೆಸಿ ನೋಡುವ ಹೃದಯದ ಪರೀಕ್ಷೆಗೆ ಎರಡು ಸಲ ಹೋಗಿ ಬಂದವರು. ಅದನ್ನೇ ಹೇಳಿ ಅಂತ ಅಧ್ಯಕ್ಷರು ಅಪ್ಪಣೆ ಮಾಡಿದ್ದಾರೆ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಬೆಂಗಳೂರಿನ ಜಯದೇವ ಆಸ್ಪತ್ರೆ ಮುಂದೆ ಜನ ಸಾಲುಗಟ್ಟಿದರು. 2025ರಲ್ಲಿ ಹಾಸನದ ಸಾವುಗಳ ಸುದ್ದಿ ಬಂದಾಗ ಮೈಸೂರಿನ ಜಯದೇವದಲ್ಲೂ ಹಾಗೇ ಆಯಿತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯವರು ಹೆದರಿ ಓಡುವುದುಂಟು, ತಯಾರಾಗಿ ಹೋಗುವುದು ಕಡಿಮೆ.

ನಮಗೆ ಹುಲ್ಲಿನ ಹೊರೆ ಹೊತ್ತು ದಿಬ್ಬ ಹತ್ತಿದರೆ ಎದೆ ಬಿಗಿಯುತ್ತಿತ್ತು, ನಿಂತರೆ ಹೋಗುತ್ತಿತ್ತು. ಗ್ಯಾಸ್ ಅಂದುಕೊಂಡು ಆರು ತಿಂಗಳು ಸೋಡಾ ಕುಡಿದೆವು. ಕೊನೆಗೆ ಡಾಕ್ಟರು ಟಿ.ಎಂ.ಟಿ.ಗೆ ಬರೆದುಕೊಟ್ಟರು. ಚೀಟಿಯೆಲ್ಲ ಇಂಗ್ಲಿಷು, ಓದಿ ಹೇಳಿದವರಿಲ್ಲ. ಆ ದಿನ ಡೈರಿಗೆ ಹಾಲು ಹಾಕಿ, ಎರಡು ಮುದ್ದೆ ಉಂಡು, ಬಸ್ ಸ್ಟ್ಯಾಂಡಿನಲ್ಲಿ ಕಾಫಿ ಕುಡಿದು, ಬೀಡಿ ಸೇದಿ, ಪಂಚೆ, ಹವಾಯಿ ಚಪ್ಪಲಿಯಲ್ಲಿ ಹೋದ್ವಿ. "ಏನ್ ಯಜಮಾನ್ರೆ, ಬೀಗರ ಊಟಕ್ಕೆ ಬಂದ್ರಾ?" ಅಂತ ಸಿಸ್ಟರು ನಕ್ಕು ವಾಪಸ್ ಕಳಿಸಿದರು.

ಪರೀಕ್ಷೆ ಇಷ್ಟೇ. ಎದೆಗೆ ವೈರು ಅಂಟಿಸಿ, ತೋಳಿಗೆ ಬಿ.ಪಿ. ಪಟ್ಟಿ ಕಟ್ಟಿ, ಓಡುವ ಬೆಲ್ಟಿನ ಮೇಲೆ ನಡೆಸುತ್ತಾರೆ. ಹೆಚ್ಚಾಗಿ ಅಮೆರಿಕದ ರಾಬರ್ಟ್ ಬ್ರೂಸ್ ಎಂಬ ವೈದ್ಯರ ಲೆಕ್ಕ: ಮೂರು ಮೂರು ನಿಮಿಷಕ್ಕೆ ವೇಗವೂ ಏರೂ ಹೆಚ್ಚುತ್ತವೆ. ಶುರುವಿನಲ್ಲಿ ಗಂಟೆಗೆ 2.7 ಕಿ.ಮೀ., ಮೂರನೇ ಹಂತಕ್ಕೆ 5.5 ಕಿ.ಮೀ. ರಾಮದೇವರ ಬೆಟ್ಟದ ಮೆಟ್ಟಿಲು ಹತ್ತಿದ ಹಾಗೆ. 220ರಲ್ಲಿ ವಯಸ್ಸು ಕಳೆದು, ಉಳಿದಿದ್ದರಲ್ಲಿ ನೂರಕ್ಕೆ 85ರಷ್ಟು ನಾಡಿಬಡಿತ ಮುಟ್ಟಬೇಕು. 45 ವರ್ಷದವರಿಗೆ ಸುಮಾರು 149.

ಅದಕ್ಕೇ ಹೊಟ್ಟೆ ಭಾರ ಇರಬಾರದು. ಎರಡು ಮೂರು ಗಂಟೆ ಮೊದಲೇ ಊಟ ಮುಗಿಸಿ. ಹಿಂದಿನ ದಿನದಿಂದಲೇ ಕಾಫಿ, ಟೀ, ಬೀಡಿ, ಹೊಗೆಸೊಪ್ಪು ಬಿಡುವುದು ಒಳ್ಳೆಯದು. ಪ್ಯಾಂಟು, ಬೂಟು ಹಾಕಿಕೊಳ್ಳಿ, ಮಗನದ್ದಾದರೂ ಸರಿ. ತಾಯಂದಿರಿಗೆ ಸೀರೆಗಿಂತ ಚೂಡಿದಾರ್ ಅನುಕೂಲ. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಚುಚ್ಚಿಕೊಂಡು ಬರೀ ಹೊಟ್ಟೆಯಲ್ಲಿ ಹೋದರೆ ತಲೆಸುತ್ತಿ ಬೀಳುತ್ತಾರೆ, ಮೊದಲೇ ಕೇಳಿಕೊಳ್ಳಿ.

ಮಾತ್ರೆಯ ವಿಷಯ ಇನ್ನೂ ಮುಖ್ಯ. ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಮಾತ್ರೆಗಳು ನಾಡಿ ಏರದಂತೆ ಹಿಡಿಯುತ್ತವೆ. ಕ್ಯಾನಿನ ಹಾಲು ಕಲಕದೆ ಸ್ಯಾಂಪಲ್ ತೆಗೆದರೆ ಫ್ಯಾಟ್ ತಪ್ಪು ಬರುತ್ತಲ್ಲ, ಹಾಗೆ ಫಲಿತಾಂಶ ತಪ್ಪಬಹುದು. ಹಾಗಂತ ನೀವೇ ನಿಲ್ಲಿಸಬೇಡಿ, ಅಪಾಯ. ನಿಲ್ಲಿಸಬೇಕೋ ಬೇಡವೋ ಡಾಕ್ಟರು ಹೇಳಲಿ. ಮಾತ್ರೆಯ ಚೀಟಿ ಎಲ್ಲಾ ಜೊತೆಗೆ ಒಯ್ಯಿರಿ. ಮಂಡಿ ನೋವು, ಉಬ್ಬಸ ಇದ್ದರೂ ಹೇಳಿ. ನಡೆಯಲಾಗದವರಿಗೆ ಬೇರೆ ಪರೀಕ್ಷೆ ಉಂಟು.

ಎರಡನೇ ಸಲ ಎಲ್ಲಾ ಸರಿಯಾಗಿ ಮಾಡಿಕೊಂಡು ಹೋದ್ವಿ. ಆದರೂ ಒಂದು ತಪ್ಪು ಮಾಡಿದೆವು. ಐದನೇ ನಿಮಿಷಕ್ಕೆ ಎದೆ ಬಿಗಿಯಿತು, ದವಡೆವರೆಗೂ ನೋವು. ಹೇಳಲಿಲ್ಲ. ಹೊಲದಲ್ಲಿ ದುಡಿಯೋರು ಇಷ್ಟಕ್ಕೇ ಸೋತರೆ ಅಂತ ಹಟ, ಕಾಯಿಲೆ ಅಂದರೆ ಮನೆ ಯಾರು ನೋಡ್ತಾರೆ ಅಂತ ಹೆದರಿಕೆ. ಹಲ್ಲು ಕಚ್ಚಿ ನಡೆದೆವು. ಡಾಕ್ಟರು ಇ.ಸಿ.ಜಿ. ನೋಡಿ ಬೆಲ್ಟು ನಿಲ್ಲಿಸಿದರು. "ನೋವು ಬಂದ್ರೆ ಹೇಳಿ ಅಂತ ಎರಡು ಸಲ ಹೇಳಿದ್ದೆನಲ್ಲ, ಅದನ್ನ ನೋಡೋಕೇ ಅಲ್ಲವೇನ್ರಿ ನಡೆಸೋದು?" ಅಂತ ಬೈದರು. ನಾವು ತಲೆ ತಗ್ಗಿಸಿದೆವು. ಆಂಜಿಯೋಗ್ರಾಂ ಆಯಿತು, ಒಂದು ಸ್ಟೆಂಟು ಹಾಕಿದರು.

ಪರೀಕ್ಷೆ ಸರಿ ಬಂತು ಅಂದರೂ ಮುಂದೆಂದೂ ಏನೂ ಆಗೋದಿಲ್ಲ ಅಂತಲ್ಲ. ಸುಮ್ಮನೆ ಕೂತಾಗಲೇ ಎದೆನೋವು, ತಣ್ಣನೆ ಬೆವರು ಬಂದರೆ ಟಿ.ಎಂ.ಟಿ. ಸರದಿಗೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಹತ್ತಿರದ ಆಸ್ಪತ್ರೆಗೆ ಹೋಗಿ ಇ.ಸಿ.ಜಿ. ಮಾಡಿಸಿ.

ಯಶಸ್ವಿನಿ ಯೋಜನೆ 2018ರಲ್ಲಿ ನಿಂತು 2022ರಲ್ಲಿ ಮತ್ತೆ ಬಂದಿದೆ. ಯಾವ ಖರ್ಚು ಅದರಲ್ಲಿ ಬರುತ್ತದೆ ಅಂತ ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿ. ಹೋಗುವಾಗ ಜೊತೆಗೊಬ್ಬರಿರಲಿ. ಸರದಿ ಯಾವಾಗ ಬರುತ್ತದೋ ಹೇಳಲಾಗದು, ಆ ಸಂಜೆ ಹಾಲು ಕರೆಯಲು ಪಕ್ಕದ ಮನೆಯವರಿಗೆ ಹೇಳಿಟ್ಟು ಹೊರಡಿ.